ಎಲ್ಲರೂ ಕಂಡ ಬೂದು ಕಾರು

ಲಿಂಕೋಪಿಂಗ್‌ನ ಹೊರಗಿನ ಒಂದು ಸಣ್ಣ ಊರಿನಲ್ಲಿ ನಾವು ಮನೆ ಮಾಡಿದ ಎರಡನೆಯ ಸೆಪ್ಟೆಂಬರಿನಲ್ಲಿ ಆ ಕಾರಿನ ಸುದ್ದಿ ಮೊದಲ ಸಲ ನನ್ನ ಕಿವಿಗೆ ಬಿತ್ತು. ಹೇಳಿದವರು ಪಕ್ಕದ ಮನೆಯ ಹೆಂಗಸು. ಅರವತ್ತು ದಾಟಿದವರು, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಶಾಲೆಯ ಬಸ್ಸು ಓಡಿಸಿದವರು. ಊರಿನ ಮಕ್ಕಳೆಲ್ಲ ಅವರನ್ನು ಬಸ್ ಆಂಟಿ ಎಂಬರ್ಥದ ಸ್ವೀಡಿಷ್ ಹೆಸರಿನಿಂದ ಕರೆಯುತ್ತಿದ್ದರು. ನನ್ನ ಮಗಳೂ ಹಾಗೇ ಕರೆಯುತ್ತಿದ್ದಳು. ಕೇಳಿ ಕೇಳಿ ನನ್ನ ಮನಸ್ಸಿನಲ್ಲೂ ಅವರು ಬಸ್ ಆಂಟಿಯೇ ಆಗಿಬಿಟ್ಟಿದ್ದರು.

ಆ ದಿನ ಅವರು ಬೇಲಿಯ ಆಚೆ ಬಿದ್ದ ಸೇಬುಗಳನ್ನು ಬಕೆಟ್ಟಿಗೆ ತುಂಬುತ್ತಿದ್ದರು. ವಾರದ ಮಧ್ಯೆ, ಬೆಳಗಿನ ಹೊತ್ತು, ಬಸ್ಸಿನಲ್ಲಿರಬೇಕಾದವರು ಮನೆಯಲ್ಲಿದ್ದರು. ರಜೆಯಾ ಎಂದು ಕೇಳಿದೆ. ಕೆಲಸ ಬಿಟ್ಟೆ ಎಂದರು. ಸ್ವಲ್ಪ ಹೊತ್ತು ಸೇಬು ಆರಿಸಿ, ಆಮೇಲೆ ಬೇಲಿಯ ಹತ್ತಿರ ಬಂದು ಕಾರಣ ಹೇಳಿದರು.

ಎರಡು ವಾರದ ಹಿಂದೆ, ಒಂದು ಮಂಗಳವಾರ, ಎಂಟು ಗಂಟೆ ದಾಟಿದ ಮೇಲೆ, ರೋಕ್ಸೆನ್ ಸರೋವರದ ಪಕ್ಕದಲ್ಲಿ ಹೊಲಗಳ ನಡುವೆ ರಸ್ತೆ ನೆಟ್ಟಗೆ ಹೋಗುವ ಜಾಗದಲ್ಲಿ ಅದು ನಡೆದಿತ್ತು. ಬಸ್ಸಿನಲ್ಲಿ ಹನ್ನೊಂದು ಮಕ್ಕಳಿದ್ದರು. ದಟ್ಟ ಮಂಜು. ಮುಂದೆ ರಸ್ತೆ ಖಾಲಿ ಇದೆ ಎಂದುಕೊಂಡು ಹೋಗುತ್ತಿದ್ದಾಗ ಇದ್ದಕ್ಕಿದ್ದಂತೆ ಕಣ್ಣೆದುರಿಗೇ ಒಂದು ಬೂದು ಕಾರು. ದೂರದಿಂದ ಹತ್ತಿರವಾಗಿ ಬಂದದ್ದಲ್ಲ, ಯಾರೋ ಅಲ್ಲಿ ತಂದಿಟ್ಟ ಹಾಗೆ. ದೀಪವಿಲ್ಲ, ಸದ್ದಿಲ್ಲ. ಅವರು ಹಾರ್ನ್ ಒತ್ತಿ, ಬ್ರೇಕಿನ ಮೇಲೆ ಎದ್ದು ನಿಂತಂತೆ ನಿಂತರು. ಬಸ್ಸು ನಿಂತಿತು. ಒಬ್ಬ ಹುಡುಗಿಗೆ ಮುಂದಿನ ಸೀಟು ತಾಗಿ ಮೂಗಿನಲ್ಲಿ ರಕ್ತ ಬಂತು. ತಲೆ ಎತ್ತಿ ನೋಡುವಾಗ ಕಾರು ಇರಲಿಲ್ಲ. ಮಕ್ಕಳೆಲ್ಲ ಫೋನು ನೋಡುತ್ತಿದ್ದರು, ಯಾರೂ ಏನನ್ನೂ ಕಂಡಿರಲಿಲ್ಲ.

ಬಸ್ ಕಂಪನಿಯವರು ಬೈಯಲಿಲ್ಲವಂತೆ. ಕಣ್ಣು ಪರೀಕ್ಷೆಗೆ ಕಳಿಸಿದರಂತೆ. ಕಣ್ಣು ಚೆನ್ನಾಗಿದೆ ಎಂದು ಬರೆದುಕೊಟ್ಟರಂತೆ.

"ಕಣ್ಣು ಸರಿಯಿದೆ ಅಂದ್ರೆ ಏನರ್ಥ?" ಎಂದು ಅವರು ನನ್ನನ್ನು ಕೇಳಿದರು. "ತಲೆ ಸರಿಯಿಲ್ಲ ಅಂತ. ತಲೆ ಸರಿಯಿಲ್ಲದವಳು ಮಕ್ಕಳನ್ನ ಕೂರಿಸಿಕೊಂಡು ಹೋಗಬಾರದು."

ಅವರ ಅಮ್ಮನಿಗೆ ಕೊನೆಗಾಲದಲ್ಲಿ ಇಲ್ಲದವರೆಲ್ಲ ಮನೆಯೊಳಗೆ ಓಡಾಡಿದಂತೆ ಕಾಣುತ್ತಿತ್ತಂತೆ. ಅದು ತನಗೂ ಶುರುವಾಯಿತು ಎಂದು ಅವರು ತೀರ್ಮಾನಿಸಿದ್ದರು. ಬಸ್ಸಿನ ಕೀಲಿ ಒಪ್ಪಿಸಿ ಬಂದು, ತಮ್ಮ ಸ್ವಂತ ಕಾರನ್ನೂ ಮಾರಿಬಿಟ್ಟಿದ್ದರು. ನಾನು ಅವರು ಕೊಟ್ಟ ಸೇಬುಗಳನ್ನು ಸೆರಗಿಲ್ಲದ ಅಂಗಿಯ ಅಂಚಿನಲ್ಲಿ ಹಿಡಿದುಕೊಂಡು ಒಳಗೆ ಬಂದೆ.

ಅದೇ ರಸ್ತೆಯಲ್ಲಿ ನಾನು ವಾರಕ್ಕೆ ಎರಡು ದಿನ ಓಡಾಡುತ್ತಿದ್ದೆ. ಮಂಗಳವಾರ ಮತ್ತು ಗುರುವಾರ ಲಿಂಕೋಪಿಂಗ್‌ನಲ್ಲಿ ಆಫೀಸು, ಉಳಿದ ದಿನ ಮನೆಯಿಂದ ಕೆಲಸ. ನಮ್ಮ ಕಾರನ್ನು ಹಿಂದಿನ ವರ್ಷ ಸೆಕೆಂಡ್‌ಹ್ಯಾಂಡ್ ಕೊಂಡಿದ್ದೆವು. ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ದೊಡ್ಡ ಗಾಡಿ. ಅದೂ ಬೂದು ಬಣ್ಣದ್ದೇ, ಆದರೆ ಈ ದೇಶದ ಯಾವುದೇ ಪಾರ್ಕಿಂಗಿನಲ್ಲಿ ನಿಂತು ನೋಡಿದರೂ ಬೂದು, ಕಪ್ಪು, ಬಿಳಿ ಬಿಟ್ಟು ಬೇರೆ ಬಣ್ಣ ಅಪರೂಪ. ಆ ಕಾರಣಕ್ಕೆ ನನಗೆ ಏನೂ ಅನಿಸಲಿಲ್ಲ.

ಕಾರಿನ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು. ಅಪ್ಪ ತುಮಕೂರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಎಸ್ಸೆಸ್ಸೆಲ್ಸಿ ಮುಗಿಯುವ ಮೊದಲೇ ನನಗೆ ಕ್ಲಚ್ಚು ಹಿಡಿಯಲು ಬರುತ್ತಿತ್ತು. ಇಲ್ಲಿಗೆ ಬಂದ ಮೇಲೆ ನಮ್ಮ ಲೈಸೆನ್ಸು ಒಂದೇ ವರ್ಷ ನಡೆಯುವುದರಿಂದ ಎಲ್ಲ ಪರೀಕ್ಷೆಗಳನ್ನೂ ಮತ್ತೆ ಬರೆದು, ಜಾರುವ ಟ್ರ್ಯಾಕಿನ ಮೇಲೆ ಗಾಡಿ ನಿಲ್ಲಿಸುವ ತರಬೇತಿಯನ್ನೂ ಮುಗಿಸಿದ್ದೆ. ಆದರೂ ಅಪ್ಪನಿಂದ ಕಲಿತದ್ದು ಕೈಕಾಲಿನಲ್ಲಿ ಹಾಗೇ ಉಳಿದಿತ್ತು. ಮೊದಲ ಚಳಿಗಾಲದಲ್ಲಿ ಆಫೀಸಿನ ದಿನ ಬೆಳಗ್ಗೆ ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ನಿಲ್ಲಿಸಿಯೇ ಹೊರಡುತ್ತಿದ್ದೆ, ಗಾಡಿ ಬಿಸಿಯಾಗಲಿ ಎಂದು. ಬಸ್ ಆಂಟಿಯೇ ಒಂದು ದಿನ ಕಿಟಕಿ ತಟ್ಟಿ, ನಿಂತ ಎಂಜಿನ್ ಬೇಗ ಬಿಸಿಯಾಗುವುದಿಲ್ಲ, ಮೆಲ್ಲಗೆ ಓಡಿಸಿದರೆ ಬಿಸಿಯಾಗುತ್ತದೆ, ಸುಮ್ಮನೆ ನಿಲ್ಲಿಸಿದರೆ ಪೆಟ್ರೋಲು ಎಂಜಿನ್ ಆಯಿಲಿಗೆ ಇಳಿಯುತ್ತದೆ, ಅದೂ ಅಲ್ಲದೆ ಇಲ್ಲಿನ ಪುರಸಭೆ ಬಿಡುವುದಿಲ್ಲ ಎಂದು ಹೇಳಿದ್ದರು. ಪಾರ್ಕಿಂಗಿನ ಕಂಬದಲ್ಲಿ ಎಂಜಿನ್ ಹೀಟರಿನ ತಂತಿ ಸಿಕ್ಕಿಸುವುದನ್ನೂ ತೋರಿಸಿಕೊಟ್ಟಿದ್ದರು.

ಮಿಕ್ಕದ್ದನ್ನು ತಿದ್ದಿದವರು ನಮ್ಮ ಆಫೀಸಿನ ಭಾಯ್. ಭಟ್ಕಳದವರು, ನನಗಿಂತ ಏಳೆಂಟು ವರ್ಷ ದೊಡ್ಡವರು, ಪಕ್ಕದ ಊರಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದರು. ಅದೇ ಸರೋವರದ ರಸ್ತೆಯಲ್ಲಿ ತಮ್ಮ ಕಾರಿನಲ್ಲಿ ಬರುತ್ತಿದ್ದರು. ಹಿಮದಲ್ಲಿ ಹಿಡಿತ ಸಿಗಲಿ ಎಂದು ನಾನು ಟೈರಿನ ಗಾಳಿ ಇಳಿಸಿದ್ದೇನೆ ಎಂದಾಗ, ಅದು ಮರಳಿಗೆ ಸರಿ, ಇಲ್ಲಿ ಚಳಿಗೆ ಗಾಳಿ ತಾನೇ ಇಳಿಯುತ್ತದೆ, ಸ್ವಲ್ಪ ಹೆಚ್ಚೇ ಹಾಕಿಸಬೇಕು ಎಂದು ಪೆಟ್ರೋಲ್ ಬಂಕಿಗೆ ಕರೆದುಕೊಂಡು ಹೋಗಿ ಗಾಳಿ ತುಂಬಿಸಿದ್ದರು. ನಮ್ಮದು ಫೋರ್ ವೀಲ್ ಡ್ರೈವ್, ಐಸಿನ ಮೇಲೂ ಭಯವಿಲ್ಲ ಎಂದು ನಾನು ಜಂಬ ಕೊಚ್ಚಿದಾಗ, "ಹೊರಡೋಕೆ ನಾಲ್ಕು ಚಕ್ರ ಮೇಡಂ. ನಿಲ್ಸೋಕೆ ಎಲ್ಲಾ ಕಾರಿಗೂ ನಾಲ್ಕೇ ಬ್ರೇಕು" ಎಂದು ನಕ್ಕಿದ್ದರು.

ಬಸ್ ಆಂಟಿಯ ಮಾತು ಕೇಳಿದ ಮುಂದಿನ ಮಂಗಳವಾರ ನನ್ನ ಮನಸ್ಸಿನಲ್ಲಿ ಅಳುಕಿತ್ತು. ಇಗರ್ಜಿ ದಾಟಿ ಸರೋವರದ ಕಡೆ ತಿರುಗಿದ ಕೂಡಲೇ ಮಂಜು ಮುಚ್ಚಿಕೊಂಡಿತು. ಆ ಮಂಜು ಬಿಳಿಯ ಗೋಡೆಯಂತೆ ಇರುವುದಿಲ್ಲ. ಒಳಗಿನಿಂದ ಬೆಳಕಿದ್ದ ಹಾಗೆ ಹೊಳೆಯುತ್ತಿರುತ್ತದೆ, ಕಣ್ಣು ಕಿರಿದು ಮಾಡಿಕೊಳ್ಳಬೇಕು ಅನಿಸುವಷ್ಟು. ರಸ್ತೆಯ ಅಂಚು ತೋರಿಸಲು ಬದಿಗೆ ನೆಟ್ಟ ಕೋಲುಗಳು ಒಂದೊಂದಾಗಿ ಬಂದು ಹೋಗುತ್ತಿದ್ದವು. ಮುಂದೆ ಏನಾದರೂ ಬೂದಾಗಿ ಕಾಣುತ್ತದೆಯೇ ಎಂದು ಸ್ಟೀರಿಂಗಿಗೆ ಬಾಗಿ ನೋಡುತ್ತಿದ್ದೆ. ಏನೂ ಇರಲಿಲ್ಲ.

ಆಗ ಕನ್ನಡಿಯಲ್ಲಿ ಎರಡು ದೀಪಗಳು ಭಗ್ಗನೆ ಹತ್ತಿದವು. ಬಹಳ ಹತ್ತಿರ, ಹಿಂದಿನ ಗಾಜಿಗೆ ತಾಗಿದಷ್ಟು. ಮೂರು ಸಲ ಹೈಬೀಮ್ ಮಿಟುಕಿತು, ಉದ್ದಕ್ಕೆ ಹಾರ್ನ್ ಕೂಗಿತು. ಆಮೇಲೆ ಆ ದೀಪಗಳು ಹಿಂದೆ ಸರಿದು ಮಂಜಿನಲ್ಲಿ ಆರಿಹೋದವು. ನಾನು ಎಷ್ಟು ನಿಧಾನ ಮಾಡಿದರೂ ಅವು ಮತ್ತೆ ಹತ್ತಿರ ಬರಲಿಲ್ಲ. ಹತ್ತಿರ ಬರಲು ಹೆದರಿದ ಹಾಗಿತ್ತು.

ಹಿಂದಿನ ಗಾಡಿಯವನು ನನಗೆ ಏನೋ ತೋರಿಸುತ್ತಿದ್ದ ಎಂದು ನನಗೆ ಅನಿಸಿತು. ನನ್ನ ಕಾರಿನಲ್ಲಿ ಅಥವಾ ಕಾರಿನ ಹಿಂದೆ ಏನೋ ಇದೆ, ಅದು ಅವನಿಗೆ ಕಂಡಿದೆ, ನನಗೆ ಕಾಣುತ್ತಿಲ್ಲ. ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದೆ. ಕಿಟಕಿಯ ಪಕ್ಕದ ಕೊಕ್ಕೆಯಲ್ಲಿ ಮಗಳ ಜಾಕೆಟ್ಟು ನೇತಾಡುತ್ತಿತ್ತು, ಅದರ ತಲೆಟೋಪಿ ಮುಂದಕ್ಕೆ ಬಾಗಿತ್ತು. ಅದು ಜಾಕೆಟ್ಟೇ ಎಂದು ಗೊತ್ತಿದ್ದರೂ ಮುಂದಿನ ಬಸ್ ಸ್ಟಾಪಿನಲ್ಲಿ ನಿಲ್ಲಿಸಿ, ಇಳಿದು, ಅದನ್ನು ತೆಗೆದು ಡಿಕ್ಕಿಗೆ ಹಾಕಿದೆ.

ಆ ಅಕ್ಟೋಬರಿನಲ್ಲಿ ಇದು ಇನ್ನೂ ಮೂರು ಸಲ ಆಯಿತು. ಹಿಂದಿನಿಂದ ಸದ್ದಿಲ್ಲದೆ ಬರುವ ದೀಪ, ಮಿಟುಕು, ಹಾರ್ನು, ಆಮೇಲೆ ಖಾಲಿ ಬಿಳುಪು. ಒಂದು ಸಲ ಲಾರಿಯವನೊಬ್ಬ ಪಕ್ಕದಿಂದ ಮುಂದೆ ಹೋಗುವಾಗ ನನ್ನ ಕಡೆ ತಿರುಗಿ, ಬಾಯಿ ತೆರೆದು ಏನೋ ಹೇಳಿದ. ಗಾಜು ಮುಚ್ಚಿತ್ತು, ಏನೆಂದು ಕೇಳಲಿಲ್ಲ. ಅವನ ಮುಖ ಮಾತ್ರ ತುಂಬಾ ದಿನ ಕಣ್ಣಮುಂದೆ ಇತ್ತು. ಗಂಡನಿಗೆ ಹೇಳಿದರೆ, ನಾನು ನಿಧಾನ ಹೋಗುತ್ತಿರಬೇಕು, ಅದಕ್ಕೆ ಸಿಟ್ಟು ಎಂದ. ಅವನು ಕೆಲಸಕ್ಕೆ ಬೇರೆ ದಿಕ್ಕಿಗೆ ಹೋಗುವವನು, ಆ ರಸ್ತೆಯ ಮಂಜನ್ನು ಕಂಡಿರಲಿಲ್ಲ.

ಭಾಯ್ ನಗುತ್ತಾರೆ ಎಂದುಕೊಂಡು ಫಿಕಾ ಎನ್ನುವ ಕಾಫಿ ಬಿಡುವಿನ ಹೊತ್ತಿನಲ್ಲಿ, ಬಸ್ ಆಂಟಿ ಕಂಡ ಕಾರಿನ ವಿಷಯವನ್ನೂ ಸೇರಿಸಿ ಅವರಿಗೆ ಹೇಳಿದೆ. ಅವರು ನಗಲಿಲ್ಲ. ಕಾಫಿ ಲೋಟ ಕೆಳಗಿಟ್ಟು, ಸುತ್ತ ಯಾರಿದ್ದಾರೆ ನೋಡಿ, ದನಿ ತಗ್ಗಿಸಿದರು.

"ನಾನೂ ನೋಡಿದೀನಿ ಅದನ್ನ. ಹೋದ ಗುರುವಾರ. ಫಸ್ಟು ಕಾರು ಅಂತಾನೇ ಗೊತ್ತಾಗಲ್ಲ ಮೇಡಂ, ಮಂಜು ಅಲ್ಲೊಂಚೂರು ಗಟ್ಟಿ ಆದಂಗಿರತ್ತೆ. ಆಮೇಲೆ ನೋಡಿದ್ರೆ ಎದುರಿಗೇ ಇದೆ. ನಾನು ಬ್ರೇಕ್ ಹಾಕಿ ದುವಾ ಓದ್ಕೊಂಡೆ. ಕಣ್ಣು ಬಿಟ್ಟಾಗ ಇಲ್ಲ."

ಟೈರಿನ ಗಾಳಿಯನ್ನೂ ಅಳತೆ ಕಡ್ಡಿ ಹಿಡಿದು ನಂಬುವ ಮನುಷ್ಯ ಅವರು. ಪಕ್ಕದ ಮೇಜಿನಲ್ಲಿದ್ದ ಸ್ವೀಡಿಷ್ ಸಹೋದ್ಯೋಗಿಯೊಬ್ಬಳು ನಮ್ಮ ಮಾತಿನ ನಡುವೆ ಸರೋವರದ ಹೆಸರು ಕೇಳಿ ತಿರುಗಿ, ಏನು ವಿಷಯ ಎಂದು ಕೇಳಿದಳು. ಹೇಳಿದೆವು. ಅವಳ ಮಾವನಿಗೂ ಅದು ಕಂಡಿತ್ತಂತೆ. ಹಿಂದೆ ಯಾವನೋ ಒಬ್ಬ ಚಳಿಗಾಲದ ಕೊನೆಯಲ್ಲಿ ಸರೋವರದ ಮಂಜುಗಡ್ಡೆಯ ಮೇಲೆ ಕಾರು ಓಡಿಸಲು ಹೋಗಿ ಮುಳುಗಿದ್ದನೆಂದೂ, ಕಾರು ಸಿಕ್ಕಿತು, ಅವನು ಸಿಗಲಿಲ್ಲವೆಂದೂ ಮಾವ ಹೇಳುತ್ತಾರಂತೆ. ನಿಜವೋ ಸುಳ್ಳೋ ಅವಳಿಗೂ ಗೊತ್ತಿರಲಿಲ್ಲ.

ನವೆಂಬರ್ ಮುಗಿದು ಬೆಳಗುಗಳು ಕತ್ತಲಾದವು. ಆಗ ಅದು ನಿಂತಿತು. ಡಿಸೆಂಬರಿನಲ್ಲಿ, ಜನವರಿಯಲ್ಲಿ, ಎಂಟು ಗಂಟೆಗೂ ಬೆಳಕು ಹರಿಯದ ದಿನಗಳಲ್ಲಿ ಯಾರಿಗೂ ಆ ಕಾರು ಕಾಣಲಿಲ್ಲ, ನನ್ನ ಹಿಂದೆ ಯಾರೂ ಹಾರ್ನ್ ಮಾಡಲಿಲ್ಲ. ಅದು ಕತ್ತಲಲ್ಲಿ ಬರುವುದಿಲ್ಲ, ಬೆಳಕಿದ್ದಾಗ ಮಾತ್ರ ಬರುತ್ತದೆ ಎಂದು ಭಾಯ್ ಒಂದು ದಿನ ಹೇಳಿದರು. ಅದು ಸಮಾಧಾನ ತರುವ ಮಾತಾಗಿರಲಿಲ್ಲ. ಕತ್ತಲಿಗೆ ಹೆದರುವುದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಬೆಳಕಿಗೆ ಹೆದರುವುದು ಹೇಗೆಂದು ಗೊತ್ತಿರಲಿಲ್ಲ. ಫೆಬ್ರವರಿಯಲ್ಲಿ ಹಗಲು ಉದ್ದವಾಗತೊಡಗಿದಾಗ ಎಲ್ಲರೂ ಖುಷಿಪಟ್ಟರು. ನಾನು ಹವಾಮಾನದ ಆ್ಯಪ್ ತೆರೆದು ಮಂಜಿನ ಗುರುತು ಇದೆಯೇ ಎಂದು ನೋಡಿ ಮಲಗುತ್ತಿದ್ದೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ವಿಷಯ. ಬಸ್ ಆಂಟಿ ಕಂಡಿದ್ದರು, ಭಾಯ್ ಕಂಡಿದ್ದರು, ಯಾರದೋ ಮಾವ ಕಂಡಿದ್ದರು. ವಾರಕ್ಕೆ ಎರಡು ಸಲ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಹೋಗುವ ನಾನೊಬ್ಬಳೇ ಕಂಡಿರಲಿಲ್ಲ.

ಏಪ್ರಿಲ್ ಮೊದಲ ವಾರ, ಸರೋವರದ ಮಂಜುಗಡ್ಡೆ ಕರಗುವ ಹೊತ್ತು. ಚಳಿಗಾಲದ ಟೈರು ತೆಗೆಸಿ ಬೇಸಿಗೆಯ ಟೈರು ಹಾಕಿಸಬೇಕಿತ್ತು. ಲಿಂಕೋಪಿಂಗ್‌ನ ವರ್ಕ್‌ಶಾಪಿನಲ್ಲಿ ಬೆಳಗ್ಗೆ ಒಂಬತ್ತಕ್ಕೆ ಸಮಯ ಕೊಟ್ಟಿದ್ದರು. ಸಂಜೆಯವರೆಗೆ ಕಾರು ಅಲ್ಲೇ ಇರಬೇಕಿದ್ದರಿಂದ, ಗಂಡ ನನ್ನ ಕಾರನ್ನು ತೆಗೆದುಕೊಂಡು ಹೋಗುವುದು, ನಾನು ಅವನ ಹಳೆಯ ಸಣ್ಣ ಕಾರಿನಲ್ಲಿ ಹಿಂದೆ ಹೋಗಿ ಕರೆದುಕೊಂಡು ಬರುವುದು ಎಂದು ಮಾತಾಗಿತ್ತು. ಈಸ್ಟರ್ ರಜೆ, ಮಗಳೂ ಅಪ್ಪನ ಜೊತೆ ಹೊರಟಳು. ಅವಳಿಗೆ ಆಗ ಒಂಬತ್ತು ವರ್ಷ. ವರ್ಕ್‌ಶಾಪಿನ ಪಕ್ಕದ ಬೇಕರಿಯ ಏಲಕ್ಕಿ ಬನ್ನಿನ ಆಸೆ.

ಅವರು ಹೊರಟ ಮೇಲೆ ತುಮಕೂರಿನಿಂದ ನನ್ನ ಅಪ್ಪನ ಫೋನು ಬಂತು. ಹತ್ತು ನಿಮಿಷ ತಡವಾಗಿ ನಾನು ಹೊರಟೆ. ಅವರು ಆಗಲೇ ಲಿಂಕೋಪಿಂಗ್ ಸೇರಿರಬಹುದು ಎಂದುಕೊಂಡಿದ್ದೆ. ಇಗರ್ಜಿಯ ಹತ್ತಿರದ ಬಂಕಿನಲ್ಲಿ ಗಂಡ ಗಾಜು ತೊಳೆಯುವ ನೀರು ಕೊಳ್ಳಲು ನಿಲ್ಲಿಸಿದ್ದ ಎಂದು ನನಗೆ ಗೊತ್ತಿರಲಿಲ್ಲ.

ಸರೋವರದ ರಸ್ತೆಗೆ ತಿರುಗಿದಾಗ ಮಂಜು ಎಂದಿಗಿಂತ ದಟ್ಟವಾಗಿತ್ತು, ಎಂದಿಗಿಂತ ಬೆಳ್ಳಗಿತ್ತು. ಎಲ್ಲೋ ಮೇಲೆ ಬಿಸಿಲಿತ್ತು. ನಾನು ಐವತ್ತರಲ್ಲಿ ಹೋಗುತ್ತಿದ್ದೆ. ಕೋಲುಗಳು ಬಂದು ಹೋಗುತ್ತಿದ್ದವು. ಸರೋವರದ ಕಡೆಯಿಂದ ಮಂಜುಗಡ್ಡೆ ಒಡೆಯುವ ಸದ್ದು, ಯಾರೋ ದೂರದಲ್ಲಿ ಪಾತ್ರೆ ಎಳೆದ ಹಾಗೆ.

ಆಗ ಭಾಯ್ ಹೇಳಿದ್ದು ನನ್ನ ಕಣ್ಣಮುಂದೆ ಆಯಿತು. ಮಂಜು ಒಂದು ಕಡೆ ಸ್ವಲ್ಪ ಗಟ್ಟಿಯಾಯಿತು. ಇದು ಏನು ಎಂದು ಯೋಚಿಸುವಷ್ಟರಲ್ಲಿ ಅದಕ್ಕೆ ಅಂಚುಗಳು ಬಂದವು. ಬೂದು ಬಣ್ಣದ ಒಂದು ಹಿಂಭಾಗ, ಅದರ ಮೇಲೆ ಒಂದು ಗಾಜು, ಗಾಜಿನೊಳಗೆ ಒಂದು ಸಣ್ಣ ಮುಖ. ಮುಖ ಹಿಂದಕ್ಕೆ ತಿರುಗಿ ನನ್ನನ್ನೇ ನೋಡುತ್ತಿತ್ತು. ಎಲ್ಲೂ ಒಂದು ದೀಪವಿರಲಿಲ್ಲ.

ಬ್ರೇಕನ್ನು ಪೂರ್ತಿ ಒತ್ತಿದೆ. ಪೆಡಲು ಕಾಲಡಿಯಲ್ಲಿ ಗಡಗಡ ನಡುಗಿತು. ಕಾರು ಒಂದು ಬದಿಗೆ ಜಾರಿ, ಸಾವರಿಸಿಕೊಂಡು ನಿಧಾನವಾಯಿತು. ಆ ಹಿಂಭಾಗ ಎರಡು ಮಾರು ದೂರದಲ್ಲಿತ್ತು. ಅಷ್ಟು ಹತ್ತಿರದಿಂದ ನಂಬರ್ ಪ್ಲೇಟು ಓದಿದೆ. ಓದಿದ ಮೇಲೂ ಅದು ಯಾರದೆಂದು ತಲೆಗೆ ಹೋಗಲಿಲ್ಲ. ಒಳಗಿನ ಸಣ್ಣ ಮುಖ ಕೈ ಎತ್ತಿ ಬೀಸಿತು. ಆಮೇಲೆ ಎಲ್ಲವೂ ಮುಂದೆ ಸರಿದು, ಬಿಳಿಯಾಗಿ, ಇಲ್ಲವಾಯಿತು.

ನಂಬರ್ ಪ್ಲೇಟು ನನ್ನದೇ ಕಾರಿನದು. ಕೈ ಬೀಸಿದ್ದು ನನ್ನ ಮಗಳು.

ರಸ್ತೆಯ ಮಧ್ಯೆ ನಿಲ್ಲಬಾರದು ಎಂಬ ಬುದ್ಧಿ ಹೇಗೋ ಬಂತು. ಮುಂದಿನ ಬಸ್ ಸ್ಟಾಪಿನವರೆಗೆ ತೆವಳಿಕೊಂಡು ಹೋಗಿ ನಿಲ್ಲಿಸಿ ಗಂಡನಿಗೆ ಫೋನ್ ಮಾಡಿದೆ.

"ಎಲ್ಲಿದೀಯಾ?" ಎಂದ. "ಇವ್ಳು ನಿನ್ನ ನೋಡ್ದೆ ಅಂತಾಳೆ."

"ನಿಲ್ಸು. ಸೈಡಲ್ಲಿ ಜಾಗ ಸಿಕ್ಕಿದ ತಕ್ಷಣ ರೋಡ್ ಬಿಟ್ಟು ನಿಲ್ಸು. ಆ ಕಾರಿಗೆ ಹಿಂದೆ ಲೈಟೇ ಇಲ್ಲ."

"ಇದೆ ಕಣೇ. ಆಟೋಲಿಟ್ಟಿದೀನಿ. ಯಾವಾಗ್ಲೂ ಆಟೋಲೇ ಅಲ್ವಾ ಇರೋದು?"

ಹೌದು, ಯಾವಾಗಲೂ ಆಟೋದಲ್ಲೇ ಇರುತ್ತಿತ್ತು. ಕೊಂಡ ದಿನ ನಾನೇ ದೀಪದ ಗುಂಡಿಯನ್ನು ಅಲ್ಲಿಗೆ ತಿರುಗಿಸಿ, ಇನ್ನು ದೀಪದ ಚಿಂತೆ ಇಲ್ಲ, ಎಲ್ಲ ಕಾರೇ ನೋಡಿಕೊಳ್ಳುತ್ತದೆ ಎಂದು ಅವನಿಗೂ ಹೇಳಿದ್ದೆ. ಆಮೇಲೆ ಅದನ್ನು ಮುಟ್ಟಿರಲಿಲ್ಲ.

ಅವನು ಒಂದು ತೋಟದ ಮನೆಯ ದಾರಿಯಲ್ಲಿ ಒಳಗೆ ತಿರುಗಿಸಿ ನಿಲ್ಲಿಸಿದ್ದ. ನಾನು ಹೋಗಿ ಕಾರಿನ ಹಿಂದೆ ನಿಂತೆ. ಎಂಜಿನ್ ಓಡುತ್ತಿತ್ತು, ಡ್ಯಾಶ್‌ಬೋರ್ಡ್ ಹಬ್ಬದ ಹಾಗೆ ಬೆಳಗುತ್ತಿತ್ತು, ಮುಂದೆ ಎರಡು ಬಿಳಿ ಗೆರೆ ದೀಪಗಳು ಉರಿಯುತ್ತಿದ್ದವು. ಹಿಂದೆ ಕತ್ತಲು. ಗುಂಡಿಯನ್ನು ಒಂದು ಹಲ್ಲು ತಿರುಗಿಸಲು ಹೇಳಿದೆ. ಎರಡು ಕೆಂಪು ದೀಪಗಳು ಹತ್ತಿ, ಬೆಳಕು ನನ್ನ ಮೊಣಕಾಲಿನ ಮೇಲೆ ಬಿತ್ತು. ವಾಪಸ್ ತಿರುಗಿಸಲು ಹೇಳಿದೆ. ಆರಿದವು. ಮಗಳಿಗೆ ಅದು ಆಟವಾಗಿ, ತಾನೇ ಮುಂದಿನ ಸೀಟಿಗೆ ಬಂದು ಹತ್ತಿಸಿ ಆರಿಸಿ ಮಾಡತೊಡಗಿದಳು.

ಅಲ್ಲೇ ನಿಂತು ಫೋನಿನಲ್ಲಿ ಕಾರಿನ ಕೈಪಿಡಿ ಓದಿದೆವು. ನಾನು ತಿಳಿದಂತೆ ಅದರಲ್ಲಿ ಏನೂ ಇರಲಿಲ್ಲ. ಮುಂದಿನ ಗಾಜಿನ ಮೇಲಿರುವ ಸೆನ್ಸರಿನ ಸಣ್ಣ ಕಣ್ಣು ನೋಡುವುದು ಬೆಳಕಿದೆಯೋ ಕತ್ತಲೆಯೋ ಎಂದು ಮಾತ್ರ. ಮಂಜು ಅದಕ್ಕೆ ಗೊತ್ತಾಗುವುದಿಲ್ಲ. ಮಂಜು ಬೆಳ್ಳಗಿರುವುದರಿಂದ ಅದಕ್ಕೆ ಅದು ಒಳ್ಳೆಯ ಹಗಲು. ಹಗಲಿನಲ್ಲಿ ಮುಂದಿನ ದೀಪ ಸಾಕು, ಹಿಂದೆ ಬೇಡ. ಚಳಿಗಾಲದ ಕತ್ತಲೆಯಲ್ಲಿ ಎಲ್ಲ ದೀಪಗಳೂ ತಾವಾಗಿ ಹತ್ತುತ್ತಿದ್ದವು, ಆಗ ನೋಡಿದ ಯಾರಿಗೂ ಅನುಮಾನ ಬರುವಂತಿರಲಿಲ್ಲ. ನನ್ನ ಹಿಂದೆ ಮಿಟುಕಿದವರು ನನ್ನ ಹಿಂದಿನ ಸೀಟಿನಲ್ಲಿ ಏನನ್ನೂ ಕಂಡಿರಲಿಲ್ಲ. ಅವರು ಕಂಡದ್ದು ನನ್ನನ್ನು.

ಗಂಡ ಏನೋ ಹೇಳುತ್ತಿದ್ದ, ನನಗೆ ಕೇಳುತ್ತಿರಲಿಲ್ಲ. ಇಡೀ ಶರತ್ಕಾಲ ಯಾವುದಕ್ಕೆ ಹೆದರಿ ಸ್ಟೀರಿಂಗಿಗೆ ಬಾಗಿ ಕೂತಿದ್ದೆನೋ ಅದರ ಒಳಗೇ ನಾನು ಕೂತಿದ್ದೆ.

ಆ ಸಂಜೆ ಭಾಯ್‌ಗೆ ಫೋನ್ ಮಾಡಿದೆ. ಗುರುವಾರ, ಎಂಟೂವರೆ, ಹೌದು ಎಂದು ಅವರು ತಮಗೆ ತಾವೇ ಲೆಕ್ಕ ಹಾಕಿಕೊಂಡರು. ಆಮೇಲೆ ಫೋನ್ ಇಟ್ಟರು. ಅರ್ಧ ಗಂಟೆಯ ಮೇಲೆ ಅವರೇ ಕರೆದರು. ಹೆಂಡತಿಯನ್ನು ಕಾರಿನ ಹಿಂದೆ ನಿಲ್ಲಿಸಿ ನೋಡಿದ್ದರು.

"ಮೇಡಂ, ನಂದೂ ಅದೇ ಕಥೆ. ಎರಡು ವರ್ಷದಿಂದ ನಾನೂ ಆಟೋದಲ್ಲೇ ಓಡಿಸ್ತಾ ಇದೀನಿ."

ಅವರದೂ ಬೂದು ಕಾರು. ಯಾರು ಯಾರನ್ನು ಕಂಡರು ಎಂದು ಹೇಳುವುದು ಇನ್ನು ಸಾಧ್ಯವಿರಲಿಲ್ಲ. ಆದರೂ ಬಸ್ ಆಂಟಿಯ ಮಟ್ಟಿಗೆ ನನಗೆ ಅನುಮಾನವಿರಲಿಲ್ಲ. ಅವರು ಹೇಳಿದ ಆ ಮಂಗಳವಾರ ಭಾಯ್ ಭಟ್ಕಳದಲ್ಲಿದ್ದರು, ತಂಗಿಯ ಮದುವೆಗೆ ಹೋಗಿದ್ದರು. ನನ್ನ ಕ್ಯಾಲೆಂಡರಿನಲ್ಲಿ ಆ ದಿನ ಒಂಬತ್ತು ಗಂಟೆಗೆ ಒಂದು ಮೀಟಿಂಗ್ ಇತ್ತು, ನಾನು ಹೋಗಿದ್ದೆ.

ಹೇಳಲು ಹತ್ತು ದಿನ ತೆಗೆದುಕೊಂಡೆ. ಬೇಲಿಯ ಹತ್ತಿರ ಅವರು ಕಂಡರೆ ಒಳಗೆ ಬರುತ್ತಿದ್ದೆ. ಕೊನೆಗೆ ಒಂದು ಶನಿವಾರ ಮಧ್ಯಾಹ್ನ ಹೋಗಿ ಬಾಗಿಲು ತಟ್ಟಿ, ಚಪ್ಪಲಿ ಬಿಟ್ಟು ಒಳಗೆ ಕೂತು, ನನಗೆ ಬರುವ ಸ್ವೀಡಿಷ್‌ನಲ್ಲಿ ಎಲ್ಲವನ್ನೂ ಹೇಳಿದೆ. ಬಸ್ಸಿನ ಮುಂದೆ ಇದ್ದದ್ದು ನಾನು, ನೀವು ಬ್ರೇಕ್ ಹಾಕಿದಾಗ ನಾನು ನಿಲ್ಲದೆ ಮುಂದೆ ಹೋದೆ, ಅದಕ್ಕೇ ಕಾರು ಮಾಯವಾಯಿತು, ನಿಮ್ಮ ಕಣ್ಣೂ ಸರಿಯಿದೆ, ತಲೆಯೂ ಸರಿಯಿದೆ ಎಂದೆ.

ಅವರು ಮೇಜಿನ ಮೇಲಿನ ಬಟ್ಟೆಯ ಮಡಿಕೆಯನ್ನು ಬೆರಳಿನಿಂದ ನೀವುತ್ತಿದ್ದರು.

"ಬಸ್ಸಿನ ಹಾರ್ನ್ ನಿನಗೆ ಕೇಳಿಸಲಿಲ್ಲವಾ?"

ನೆನಪಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆಗ ನೆನಪಾಯಿತು. ಒಂದು ಬೆಳಗ್ಗೆ ಹಿಂದೆ ಎಲ್ಲಿಂದಲೋ ಏನೋ ಉದ್ದಕ್ಕೆ ಕೂಗಿದ್ದನ್ನು ಕೇಳಿದ್ದೆ. ರೈಲಿರಬೇಕು ಎಂದುಕೊಂಡು ರೇಡಿಯೋದ ದನಿ ಏರಿಸಿದ್ದೆ. ಅದನ್ನೂ ಹೇಳಿದೆ.

ಅವರು ಎದ್ದು ಹೋಗಿ ಬಾಗಿಲು ತೆರೆದು ಹಿಡಿದರು. ನಾನು ಹೊರಗೆ ಬಂದ ಮೇಲೆ ಬಾಗಿಲು ಮೆತ್ತಗೆ ಮುಚ್ಚಿತು. ಆ ಬೇಸಿಗೆಯೆಲ್ಲ ಅವರು ಕಾರ್ಲ್‌ಸ್ಟಾಡಿನ ಅಕ್ಕನ ಮನೆಯಲ್ಲಿದ್ದರು. ಹುಲ್ಲು ಬೆಳೆದಾಗ ನಾವೇ ಅವರ ಅಂಗಳದ ಹುಲ್ಲನ್ನೂ ಕತ್ತರಿಸಿದೆವು. ವಾಪಸ್ ಬಂದ ಮೇಲೆ ಅದರ ಬಗ್ಗೆಯೂ ಏನೂ ಹೇಳಲಿಲ್ಲ. ಮಗಳ ಜೊತೆ ಮಾತಾಡುತ್ತಿದ್ದರು, ನನ್ನ ಜೊತೆ ಇಲ್ಲ. ನಾನೂ ಮೇಲೆ ಬಿದ್ದು ಹೋಗಲಿಲ್ಲ. ಹನ್ನೊಂದು ಮಕ್ಕಳ ಲೆಕ್ಕ ನನ್ನ ತಲೆಯಲ್ಲೂ ಇತ್ತು.

ಅಕ್ಟೋಬರಿನ ಒಂದು ಗುರುವಾರ, ಎಂಟು ಗಂಟೆಗೆ, ನಾನು ಹೊರಡುವಾಗ ಅವರು ಕೋಟು ಹಾಕಿಕೊಂಡು ನಮ್ಮ ಕಾರಿನ ಪಕ್ಕ ನಿಂತಿದ್ದರು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಅಂಗಳದಲ್ಲೇ ಮಂಜಿತ್ತು, ಸರೋವರದ ಹತ್ತಿರ ಇನ್ನೆಷ್ಟಿರುತ್ತದೋ. ಲಿಂಕೋಪಿಂಗಿಗೆ ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದರು. ಕಾರು ಚಾಲೂ ಮಾಡಿ ದೀಪದ ಗುಂಡಿ ತಿರುಗಿಸಿದೆ. ಅವರು ಹತ್ತುವ ಮೊದಲು ಕಾರಿನ ಹಿಂದೆ ಹೋಗಿ ನಿಂತು ನೋಡಿ ಬಂದು ಕೂತರು.

ಆ ಘಟನೆಯ ನಂತರ ಅವರು ಈ ರಸ್ತೆಯನ್ನು ಕಿಟಕಿಯಿಂದಲೂ ನೋಡಿರಲಿಲ್ಲ. ಕಾರ್ಲ್‌ಸ್ಟಾಡಿಗೆ ಹೋಗುವಾಗ ಅಕ್ಕನ ಮಗ ಬಂದು ಬೇರೆ ದಾರಿಯಲ್ಲಿ ಕರೆದುಕೊಂಡು ಹೋಗಿದ್ದನಂತೆ. ಇಗರ್ಜಿ ದಾಟುವಾಗ ಅವರು ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಸರೋವರದ ತಿರುವಿನಲ್ಲಿ ಕಣ್ಣು ಮುಚ್ಚಿಕೊಂಡರು. ನಾನು ನಲವತ್ತರಲ್ಲಿ ಹೋಗುತ್ತಿದ್ದೆ. ಕೋಲುಗಳು ಬಂದು ಹೋಗುತ್ತಿದ್ದವು.

ಹಿಂದಿನಿಂದ ಒಂದು ಕಾರು ಬಂದು, ನಮ್ಮ ನಿಧಾನಕ್ಕೆ ಬೇಸರಪಟ್ಟು, ಪಕ್ಕದಿಂದ ಮುಂದೆ ಹೋಯಿತು. ಆ ಸದ್ದಿಗೆ ಅವರು ಕಣ್ಣು ಬಿಟ್ಟರು. ನಮ್ಮ ಮುಂದೆ ಬಂದ ಕೂಡಲೇ ಅದರ ಹಿಂಭಾಗ ಮಂಜಿನ ಬಣ್ಣದ್ದೇ ಆಯಿತು. ಕೆಂಪು ಇರಲಿಲ್ಲ. ಒಂದು ಕ್ಷಣ ಆಕಾರವಿತ್ತು, ಇನ್ನೊಂದು ಕ್ಷಣ ಬರೀ ಅಂಚು.

"ನಿನಗೂ ಕಾಣ್ತಾ ಇದೆಯಾ?" ಅವರ ದನಿ ತೀರಾ ಸಣ್ಣದಾಗಿತ್ತು.

"ಕಾಣ್ತಾ ಇದೆ."

ಅವರು ಬಾಗಿಲ ಹಿಡಿಯನ್ನು ಬಿಟ್ಟರು. ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಗಂಟಲು ಸರಿಮಾಡಿಕೊಂಡು, ಬಸ್ಸಿನಲ್ಲಿ ಮಕ್ಕಳಿಗೆ ಹೇಳುವ ದನಿಯಲ್ಲಿ, ಮಿಟುಕಿಸು ಎಂದರು. ನಾನು ಎರಡು ಸಲ ಮಿಟುಕಿಸಿದೆ. ಹಾರ್ನ್ ಮಾಡು ಎಂದರು. ಮಾಡಿದೆ. ಮುಂದಿನ ಕಾರು ಹೆದರಿದ ಹಾಗೆ ಇನ್ನೂ ವೇಗವಾಗಿ ಮುಂದೆ ಹೋಗಿ ಬಿಳುಪಿನೊಳಗೆ ಸೇರಿಕೊಂಡಿತು. ಒಳಗೆ ಯಾರಿದ್ದರೋ, ಎಷ್ಟು ಜನರಿದ್ದರೋ ನಮಗೆ ಗೊತ್ತಾಗಲಿಲ್ಲ.

ಲಿಂಕೋಪಿಂಗ್ ಬಂದಾಗ ಅವರು ಬಸ್ ಡಿಪೋದ ಹತ್ತಿರ ಇಳಿಸು ಎಂದರು. ಚೀಲದಿಂದ, ಬಸ್ಸು ಓಡಿಸುವಾಗ ಹಾಕುತ್ತಿದ್ದ ತಮ್ಮ ಹಳೆಯ ಹಳದಿ ಜಾಕೆಟ್ಟನ್ನು ತೆಗೆದು, ಮಡಿಕೆ ಬಿಡಿಸಿ, ಕೋಟಿನ ಮೇಲೆ ಹಾಕಿಕೊಂಡರು. ಸಂಜೆ ಎಷ್ಟಕ್ಕೆ ವಾಪಸ್ ಹೋಗುತ್ತೀಯಾ ಎಂದು ಕೇಳಿದರು. ನಾಲ್ಕೂವರೆ ಎಂದೆ. ತಲೆಯಾಡಿಸಿ, ನಿಂತ ಬಸ್ಸುಗಳ ನಡುವೆ ಮಂಜಿನಲ್ಲಿ ನಡೆದುಹೋದರು.